ಶುಭಾಶಯವೋ, ಅಭಿನಂದನೆಯೋ? ಕಾರ್ಡ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ

ಕಾಗೆಕಾಲು_ಗುಬ್ಬಿಕಾಲು:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ 32 ಜನ ಇದ್ದೇವೆ. ಯಾರ ಹುಟ್ಟುಹಬ್ಬ ಬಂದರೂ, ಯಾವ ಹಬ್ಬ ಬಂದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ನನ್ನದು. ಅಕ್ಷರ ಚೆನ್ನಾಗಿದೆ ಅಂತಲ್ಲ, ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ಒಂದು ಸಲ ಸುಮ್ನೆ ಕೂತಿದ್ದೆ, ಕೈಗೆ ಪೆನ್ನು ಕೊಟ್ಟರು. ಅಷ್ಟೇ.

ಹೋದ ತಿಂಗಳು ನಮ್ಮ ಹಿರಿಯರೊಬ್ಬರು ನಿವೃತ್ತರಾದರು. ನಾನು ಬರೆದುಕೊಟ್ಟಿದ್ದನ್ನು ಆರು ಅಡಿ ಫ್ಲೆಕ್ಸ್ ಮಾಡಿಸಿದರು. "ಹಾರ್ಧಿಕ ಶುಭಾಷಯಗಳು". ಅವರು ಹಾರ ಹಾಕಿಸಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಎರಡು ಕಡೆ ಸುತ್ತು ಹಾಕಿದರು. "34 ವರ್ಷ ಫೈಲ್ ತಿದ್ದಿದೆ, ಕೊನೇ ದಿನಾನೂ ಬಿಡಲಿಲ್ಲವಲ್ಲಮ್ಮಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಒಬ್ಬರಿಗೆ ಬಡ್ತಿ ಸಿಕ್ಕಿದೆ, ಒಬ್ಬಳಿಗೆ ಮದುವೆ, ಇನ್ನೊಬ್ಬರಿಗೆ 50 ತುಂಬುತ್ತಿದೆ. ಯಾರಿಗೆ ಶುಭಾಶಯ, ಯಾರಿಗೆ ಅಭಿನಂದನೆ? "50ನೇ ಹುಟ್ಟುಹಬ್ಬ" ಅಂದರೆ ಸರಿಯಾ, ಅಥವಾ 51ನೇದಾ? ಇನ್ನೊಂದು ಕಷ್ಟದ್ದು. ಒಬ್ಬ ಸಹೋದ್ಯೋಗಿಯ ತಾಯಿ ತೀರಿಕೊಂಡು ಮೂರು ವಾರ ಆಗಿದೆ. ಮುಂದಿನ ವಾರ ದೀಪಾವಳಿ. ಎಲ್ಲರಿಗೂ ಹೋಗುವ ಮೆಸೇಜ್ ಅವಳಿಗೂ ಹೋಗಬೇಕಾ?

ಕೆಂಪುಶಾಯಿ:
26 ವರ್ಷ ಕರಡು ತಿದ್ದಿದವನು ನಾನು. ನಿಮ್ಮ ಹಿರಿಯರ ಕೈ ಕುಲುಕಬೇಕು ಅನ್ನಿಸುತ್ತಿದೆ.

ಪದವನ್ನು ಒಡೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಶುಭ, ಆಶಯ, ಎರಡೂ ಸೇರಿ ಶುಭಾಶಯ. "ಆಶಯ" ಅಂತ ಬರಿ ಅಂದರೆ ಯಾರೂ ಷ ಹಾಕುವುದಿಲ್ಲ, ಜೊತೆಗೆ "ಶುಭ" ಬಂದ ಕೂಡಲೇ ಅದೇನೋ ಗಾಬರಿ. ಹಾರ್ದಿಕ ಅನ್ನುವುದು ಹೃದಯದ ಕಡೆಯ ಪದ. ಹೃದಯದ ದಕ್ಕೆ ಹೊಟ್ಟೆ ಸೀಳುತ್ತೇವಾ? ಇಲ್ಲ. ಹಾರ್ದಿಕಕ್ಕೂ ಬೇಡ. ಶ್ರದ್ಧಾಂಜಲಿಯಲ್ಲಿ ಇದೇ ಉಲ್ಟಾ. ಶ್ರದ್ಧೆಯಿಂದ ಬಂದ ಪದ, ಅಲ್ಲಿ ಧ ಒತ್ತು ಬೇಕೇ ಬೇಕು. ಜನ ಬೇಡದ ಕಡೆ ಸೀಳುತ್ತಾರೆ, ಬೇಕಾದ ಕಡೆ ಬಿಡುತ್ತಾರೆ.

ಆಗಿಹೋದದ್ದಕ್ಕೆ ಅಭಿನಂದನೆ, ಮುಂದೆ ಆಗಬೇಕಾದ್ದಕ್ಕೆ ಶುಭಾಶಯ. ಬಡ್ತಿ ಅವರು ದುಡಿದು ಪಡೆದದ್ದು, ಅಭಿನಂದನೆಗಳು. ಮದುವೆಯಲ್ಲಿ ಬಾಳು ಇನ್ನೂ ಮುಂದಿದೆ, ಶುಭಾಶಯಗಳು. ನಿವೃತ್ತಿಗೆ ಎರಡೂ ಒಪ್ಪುತ್ತದೆ. ಅಭಿವಂದನೆ ಬೇರೆ, ಅದು ನಮಸ್ಕಾರ. ಫ್ಲೆಕ್ಸ್‌ಗಳಲ್ಲಿ ಅಭಿನಂದನೆ ಅನ್ನುವ ಕಡೆ ಅದನ್ನು ಹಾಕಿರುವುದನ್ನು ಜಾಸ್ತಿ ನೋಡಿದ್ದೇನೆ.

"ನಿಮಗೂ ಮತ್ತು ನಿಮ್ಮ ಕುಟುಂಬದವರಿಗೂ" ಅಂತ ಬರೆಯುತ್ತಿದ್ದರೆ "ಮತ್ತು" ಕಿತ್ತುಹಾಕಿ. "ಊ" ಇದ್ದ ಮೇಲೆ ಅದು ದಂಡ. "ಹಾಗು" ಅಲ್ಲ, "ಹಾಗೂ". "ಶುಭಾಶಯ ಕೋರುತ್ತೇವೆ" ಬಗ್ಗೆ ಒಂದು ಕಾಲದಲ್ಲಿ ಜಗಳ ಆಡುತ್ತಿದ್ದೆ. ಆಶಯ ಅಂದರೇ ಬಯಕೆ, ಬಯಕೆಯನ್ನು ಮತ್ತೆ ಕೋರುವುದೇನು ಅಂತ. "ಶುಭ ಕೋರುತ್ತೇವೆ" ಚೊಕ್ಕವಾಗಿದೆ. ಆದರೆ ಎಲ್ಲರ ಬಾಯಲ್ಲೂ ನಿಂತುಬಿಟ್ಟಿದೆ, ಈಗ ತಿದ್ದುವುದನ್ನು ಬಿಟ್ಟಿದ್ದೇನೆ.

ಆರಾಮ್_ಮನುಷ್ಯ:
ಇಷ್ಟೆಲ್ಲ ಯಾಕೆ ಸರ್? ಭಾವನೆ ಮುಖ್ಯ, ಕಾಗುಣಿತ ಯಾರು ನೋಡುತ್ತಾರೆ?

ಕೆಂಪುಶಾಯಿ:
ಸರಿ. ನಾಳೆ ನಿಮ್ಮ ಬಾಸ್‌ಗೆ ಕಾರ್ಡ್ ಕೊಡುವಾಗ ಅವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಬರೆದು ನೋಡಿ. ಆಮೇಲೆ ಮಾತಾಡೋಣ.

ಲೆಕ್ಕದ_ಮೇಷ್ಟ್ರು:
ಸಂಖ್ಯೆಯ ವಿಷಯ ನನಗೆ ಬಿಡಿ. ಹುಟ್ಟಿದ ದಿನವನ್ನು ನಾವು ಹುಟ್ಟುಹಬ್ಬ ಅಂತ ಎಣಿಸುವುದಿಲ್ಲ. ಒಂದು ವರ್ಷ ತುಂಬಿದಾಗ ಮೊದಲನೆಯದು. ಹಾಗಾಗಿ 50 ತುಂಬಿದ ದಿನ 50ನೇ ಹುಟ್ಟುಹಬ್ಬ. ಅವತ್ತಿನಿಂದ ನಡೆಯುವುದು 51ನೇ ವರ್ಷ. ಎರಡನ್ನೂ ಕಲಸುವುದರಿಂದಲೇ ಗೊಂದಲ. ಮದುವೆಯ ವಾರ್ಷಿಕೋತ್ಸವಕ್ಕೂ ಇದೇ ಲೆಕ್ಕ.

ರಾಷ್ಟ್ರೀಯ ಹಬ್ಬಗಳಲ್ಲಿ ಮಾತ್ರ ಮೊದಲ ದಿನವೂ ಎಣಿಕೆಗೆ ಬರುತ್ತದೆ. 1947ರ ಆಗಸ್ಟ್ 15 ಮೊದಲನೆಯದು. ಆದ್ದರಿಂದ 2025ರಲ್ಲಿ ಆಚರಿಸಿದ್ದು 79ನೇ ಸ್ವಾತಂತ್ರ್ಯ ದಿನ, ತುಂಬಿದ ವರ್ಷ 78. ಗಣರಾಜ್ಯ ದಿನ 1950ರಿಂದ, 2025ರದ್ದು 76ನೆಯದು. 1956ರ ನವೆಂಬರ್ 1ರಿಂದ ಎಣಿಸಿ 2025ರಲ್ಲಿ 70ನೇ ರಾಜ್ಯೋತ್ಸವ ಅಂತ ಆಚರಿಸಿದರು. ಕಳೆದು ಒಂದು ಕೂಡಿಸಿ, ಸಾಕು. ಅನುಮಾನ ಇದ್ದರೆ ಸಂಖ್ಯೆಯನ್ನೇ ಬಿಡಿ. ಸಂಖ್ಯೆ ಇಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದರಲ್ಲೂ 50 ತುಂಬುತ್ತಿರುವವರು!

ಹಿತ್ತಲಬಾಗಿಲು:
ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಹೇಳುತ್ತೇನೆ. ಎಲ್ಲರಿಗೂ ಹೋಗುವ ಮೆಸೇಜಿನಿಂದ ಅವಳ ನಂಬರ್ ತೆಗೆಯಿರಿ. ಆದರೆ ಸುಮ್ಮನಿರಬೇಡಿ. ನನ್ನ ಅಪ್ಪ ಹೋದ ತಿಂಗಳಲ್ಲೇ ಹಬ್ಬ ಬಂತು. "ಮನೆ ತುಂಬ ಸಂಭ್ರಮ ಉಕ್ಕಲಿ" ಅಂತ ಮೂವತ್ತು ನಲವತ್ತು ಮೆಸೇಜ್ ಬಂದವು. ಯಾರ ಮೇಲೂ ಸಿಟ್ಟಿಲ್ಲ, ಒತ್ತಿ ಕಳಿಸಿದ್ದು ಅಂತ ಗೊತ್ತು. ಒಬ್ಬಳು ಮಾತ್ರ "ಈ ಸಲ ಹಬ್ಬ ಬಂದರೂ ಬಂದ ಹಾಗಿರಲ್ಲ ಅಲ್ವಾ, ನಿನ್ನ ನೆನಪಾಯ್ತು ಕಣೆ" ಅಂತ ಬರೆದಿದ್ದಳು. ಅದೊಂದನ್ನು ಇನ್ನೂ ಅಳಿಸಿಲ್ಲ.

ಹಾಗೇ, ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿದೆ ಅಂತ ಎಲ್ಲದಕ್ಕೂ ಶುಭಾಶಯ ಬೇಡ. ಗುಡ್ ಫ್ರೈಡೇ ಯೇಸುವನ್ನು ಶಿಲುಬೆಗೆ ಏರಿಸಿದ ದಿನ. ಶುಭಾಶಯ ಹೇಳುವುದು ಆ ಭಾನುವಾರ, ಈಸ್ಟರ್‌ಗೆ. ಮೊಹರಂನ ಹತ್ತನೇ ದಿನ ಕರ್ಬಲಾದಲ್ಲಿ ಹುಸೇನರು ಹುತಾತ್ಮರಾದದ್ದನ್ನು ನೆನೆಯುತ್ತಾರೆ. ಅವತ್ತು "ಹ್ಯಾಪಿ" ಅಂದರೆ ಕೇಳಿದವರಿಗೆ ಕಸಿವಿಸಿ. "ಈದ್ ಮುಬಾರಕ್" ಮಾತ್ರ ರಂಜಾನ್, ಬಕ್ರೀದ್ ಎರಡಕ್ಕೂ ನಡೆಯುತ್ತದೆ.

ಕಾಗೆಕಾಲು_ಗುಬ್ಬಿಕಾಲು:
ಎಲ್ಲರಿಗೂ ಥ್ಯಾಂಕ್ಸ್. ಬಡ್ತಿಯವರಿಗೆ "ನಿಮ್ಮ ದುಡಿಮೆ ನೋಡಿದ್ದೇವೆ, ಅಭಿನಂದನೆಗಳು" ಅಂತ ಬರೆದೆ. ಐವತ್ತರವರಿಗೆ ಸಂಖ್ಯೆ ಹಾಕಲಿಲ್ಲ. ಹಿತ್ತಲಬಾಗಿಲು ಮೇಡಂ, ನೀವು ಹೇಳಿದ ಹಾಗೆ ಅವಳಿಗೆ ಬೇರೆಯಾಗಿ ಬರೆದೆ. "ಅಮ್ಮನ ಬಗ್ಗೆ ಮಾತಾಡಬೇಕು ಅನ್ನಿಸಿದರೆ ಫೋನ್ ಮಾಡು, ಹಬ್ಬದ ದಿನ ನಾನು ಮನೆಯಲ್ಲೇ ಇರ್ತೀನಿ." ಹಾರ್ದಿಕ ಇಲ್ಲ, ಶುಭ ಇಲ್ಲ. ಕೆಂಪುಶಾಯಿ ಸರ್, ಇದರಲ್ಲಿ ತಪ್ಪಿದ್ದರೂ ಹೇಳಬೇಡಿ, ಕಳಿಸಿ ಆಯಿತು.

ಅಂದ ಹಾಗೆ ಆ ಫ್ಲೆಕ್ಸ್ ಅನ್ನು ಹಿರಿಯರು ಮನೆಗೇ ಒಯ್ದಿದ್ದಾರೆ. ಮಳೆ ಬಂದಾಗ ಸ್ಕೂಟರಿಗೆ ಹೊದಿಸುತ್ತಾರಂತೆ, ಕೆಂಪು ಸುತ್ತು ಹಾಕಿದ ಭಾಗ ಹೊರಗೆ ಕಾಣುವ ಹಾಗೆ.