ಪ್ರಶ್ನೋತ್ತರ: ಬ್ರೇಕ್ ಕ್ಯೂಗೆ ಹೊಸ ಟಿಪ್, ಲೆದರ್ರೋ ಫಿನಾಲಿಕ್ಕೋ?

ಪ್ರಶ್ನೆ: ಸರ್, ಪೂಲ್ ಆಟದ ಬ್ರೇಕ್‌ಗೆಂದೇ, ಅಂದರೆ ಜೋಡಿಸಿಟ್ಟ ಬಾಲ್‌ಗಳನ್ನು ಚದುರಿಸುವ ಮೊದಲ ಹೊಡೆತಕ್ಕೆಂದೇ, ಇಟ್ಟಿರುವ ಕ್ಯೂ (ಕೋಲು). ಮರದ ಶಾಫ್ಟ್ (ಕ್ಯೂನ ಮುಂದಿನ ಭಾಗ), ತುದಿ 13 ಮಿ.ಮೀ., ಒಟ್ಟು ತೂಕ 19 ಔನ್ಸ್. ಈಗಿರುವುದು ಪದರಗಳ ಮೀಡಿಯಮ್ ಲೆದರ್ ಟಿಪ್. ಅಂಚು ಫೆರೂಲ್‌ಗಿಂತ (ಟಿಪ್ ಕೂರುವ ಬಳೆ) ಆಚೆ ಉಬ್ಬಿಕೊಂಡಿದೆ, ಒಂದು ಕಡೆ ಪದರ ಬಿಡ್ತಾ ಇದೆ. ಒಬ್ಬರು ಫಿನಾಲಿಕ್ ಹಾಕಿಸಿ ಅಂತಾರೆ, ಇನ್ನೊಬ್ಬರು ಜಿ10 (ಎರಡೂ ರಾಳದಿಂದ ಮಾಡಿದ ಗಟ್ಟಿ ಟಿಪ್‌ಗಳು), ಮತ್ತೊಬ್ಬರು ಗಟ್ಟಿ ಲೆದರ್ ಸಾಕು ಅಂತಾರೆ. 8 ಬಾಲ್, 9 ಬಾಲ್ ಎರಡೂ ಆಡುತ್ತೇನೆ, ಆಗಾಗ ಟೂರ್ನಮೆಂಟ್ ಕೂಡ. ಯಾವುದು ತಗೊಳ್ಳಲಿ?

ಉತ್ತರ (ಕ್ಯೂ ರಿಪೇರಿ): ಟೂರ್ನಮೆಂಟ್ ಅಂದಿರಲ್ಲ, ಮೊದಲು ನಿಯಮ ನೋಡಿ, ಆಮೇಲೆ ಟಿಪ್ ಆರಿಸಿ. ವಿಶ್ವ ಪೂಲ್ ಸಂಸ್ಥೆ ಡಬ್ಲ್ಯುಪಿಎ ನಿಗದಿಪಡಿಸಿದಂತೆ ಟಿಪ್‌ನ ಅಗಲ 14 ಮಿ.ಮೀ. ಮೀರಬಾರದು, ಅದು ಕ್ಯೂ ಬಾಲ್‌ಗೆ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್) ಗೀರು ಮಾಡಬಾರದು, ಮತ್ತು ಲೆದರ್‌ನದೋ ನಾರಿನ ಅಥವಾ ಬಾಗುವ ಗುಣದ ಬೇರೆ ವಸ್ತುವಿನದೋ ಆಗಿರಬೇಕು. ಈ ಕೊನೆಯ ಮಾತನ್ನು ಆಯೋಜಕರು ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಾರೆ. ಗಟ್ಟಿ ಲೆದರ್‌ಗೆ ಯಾರ ತಕರಾರೂ ಇಲ್ಲ. ಫಿನಾಲಿಕ್, ಜಿ10 ಹಾಕಿಸುವುದಾದರೆ ನೀವು ಆಡುವ ಟೂರ್ನಮೆಂಟ್‌ನ ನಿಯಮ ಕೇಳಿಕೊಂಡೇ ಹಾಕಿಸಿ. ಕೆಲವು ಪೂಲ್ ಹಾಲ್‌ಗಳೂ ಇವನ್ನು ಒಪ್ಪುವುದಿಲ್ಲ. ಅವರ ಚಿಂತೆ ಕ್ಯೂ ಬಾಲ್‌ನದು, ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಲಾಭ ಎಷ್ಟು ಅಂತ ಲೆಕ್ಕ ಹಾಕೋಣ. ಹೊಡೆತದಲ್ಲಿ ಟಿಪ್ ಕುಗ್ಗಿ ಮತ್ತೆ ಚಿಮ್ಮುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಪೂರ್ತಿ ಪುಟಿದರೆ 1, ಏನೂ ಪುಟಿಯದಿದ್ದರೆ 0 ಅಂತ ಇಟ್ಟುಕೊಂಡರೆ ಸಾಮಾನ್ಯ ಲೆದರ್ ಟಿಪ್ 0.73ರ ಆಸುಪಾಸು, ಒಳ್ಳೆಯ ಫಿನಾಲಿಕ್ 0.85ರ ಆಸುಪಾಸು ನಿಲ್ಲುತ್ತದೆ. ನಿಮ್ಮ 19 ಔನ್ಸ್ ಕ್ಯೂ, 6 ಔನ್ಸ್ ಬಾಲ್ ಹಿಡಿದರೆ, ನಡುಮಧ್ಯದ ಹೊಡೆತದಲ್ಲಿ ಲೆದರ್‌ನಿಂದ ಬಾಲ್ ಹೊರಡುವ ವೇಗ ಕ್ಯೂ ವೇಗದ ಸುಮಾರು 1.31 ಪಟ್ಟು, ಫಿನಾಲಿಕ್‌ನಿಂದ 1.41 ಪಟ್ಟು. ಅಂದರೆ ಶೇ. 7ರಷ್ಟು ಹೆಚ್ಚು ವೇಗ, ಶೇ. 14ರಷ್ಟು ಹೆಚ್ಚು ಶಕ್ತಿ. ಒತ್ತಿ ಗಟ್ಟಿ ಮಾಡಿದ ಬ್ರೇಕ್ ಲೆದರ್ ಇವೆರಡರ ನಡುವೆ ಬರುತ್ತದೆ. ಹಾಗಾಗಿ ಗಟ್ಟಿ ಲೆದರ್‌ನಿಂದ ಫಿನಾಲಿಕ್‌ಗೆ ಹೋದರೆ ಸಿಗುವುದು ಶೇ. 7ಕ್ಕಿಂತ ಕಡಿಮೆಯೇ. ಜೋಡಿಸಿಟ್ಟವುಗಳ ಮುಂದಿನ ಬಾಲ್‌ಗೆ ಓರೆಯಾಗಿ ತಗುಲಿದರೆ ಈ ಲಾಭವೂ ಕರಗುತ್ತದೆ.

ನನ್ನ ಸಲಹೆ: ಟೂರ್ನಮೆಂಟ್ ಆಡುವವರು ಬ್ರೇಕ್‌ಗೆಂದೇ ತಯಾರಾದ ಗಟ್ಟಿ ಲೆದರ್ ಹಾಕಿಸಿಕೊಳ್ಳಿ, 14 ಮಿ.ಮೀ. ಅಳತೆಯದು. 13 ಮಿ.ಮೀ. ಫೆರೂಲ್‌ಗೆ 13ರದ್ದೇ ತಂದರೆ ಕೂರಿಸುವಾಗ ಕೂದಲೆಳೆ ಜರುಗಿದರೂ ಒಂದು ಬದಿ ಖಾಲಿ ಉಳಿಯುತ್ತದೆ. 14 ಇದ್ದರೆ ಸುತ್ತಲೂ ಕೆತ್ತಿ ಸಮ ಮಾಡಬಹುದು. ಈಗಿನ ಟಿಪ್ ಉಬ್ಬಿ ಪದರ ಬಿಟ್ಟದ್ದು ಲೆದರ್ ಎಂಬ ಕಾರಣಕ್ಕಲ್ಲ. ಮೀಡಿಯಮ್ ಟಿಪ್ ಆಟದ ಹೊಡೆತಕ್ಕೆ ಮಾಡಿದ್ದು, ಬ್ರೇಕ್ ತಡೆಯುವುದಿಲ್ಲ. ಬ್ರೇಕ್‌ಗೆ ಸಾಧ್ಯವಾದರೆ ಒಂದೇ ತುಂಡಿನ ಒತ್ತಿದ ಲೆದರ್ ನೋಡಿ. ಬಿಡಲು ಪದರಗಳೇ ಇಲ್ಲದ್ದರಿಂದ ಆ ಸಮಸ್ಯೆಯೂ ಇಲ್ಲ.

ಪ್ರಶ್ನೆ: ಫಿನಾಲಿಕ್‌ಗೂ ಜಿ10ಗೂ ವ್ಯತ್ಯಾಸ ಏನು ಸರ್?

ಉತ್ತರ: ಫಿನಾಲಿಕ್ ಅಂದರೆ ಬಟ್ಟೆ ಅಥವಾ ಕಾಗದದ ಹಾಳೆಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಬಿಸಿಯಲ್ಲಿ ಒತ್ತಿದ್ದು. ಜಿ10 ಅಂದರೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ರಾಳ. ಜಿ10 ಹೆಚ್ಚು ಗಟ್ಟಿ, ಬೇಗ ಸವೆಯದು, ಅಂಚು ಚಕ್ಕೆ ಏಳುವುದೂ ಕಡಿಮೆ. ಆದರೆ ಭಾರ. 13 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ತುಂಡು ಫಿನಾಲಿಕ್‌ನಲ್ಲಿ ಸುಮಾರು 1.1 ಗ್ರಾಂ, ಜಿ10ನಲ್ಲಿ ಸುಮಾರು 1.5 ಗ್ರಾಂ. ಕ್ಯೂ ಬಾಲ್ ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಚಾಕ್ ಸುಟ್ಟಂಥ ಕಲೆ ಉಳಿಸುವುದರಲ್ಲೂ ಜಿ10 ಒಂದು ಕೈ ಮುಂದೆ. ಜಿ10 ಉಜ್ಜುವವರಿಗೆ ಒಂದು ಮಾತು: ಆ ಪುಡಿ ಗಾಜಿನ ನಾರು. ಮಾಸ್ಕ್ ಇಲ್ಲದೆ, ಒಣಗಿದ್ದನ್ನು ಉಜ್ಜಬೇಡಿ. ನೀರು ಹಾಕಿ ಉಜ್ಜಿದರೆ ಪುಡಿ ಏಳುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಗಟ್ಟಿ ಟಿಪ್ ಹಾಕಿದರೆ ಡಿಫ್ಲೆಕ್ಷನ್ ಜಾಸ್ತಿ ಆಗುತ್ತೆ ಅಂತಾರಲ್ಲ, ನಿಜಾನಾ?

ಉತ್ತರ: ಗಟ್ಟಿತನದಿಂದ ಅಲ್ಲ. ಡಿಫ್ಲೆಕ್ಷನ್, ಅಂದರೆ ಕ್ಯೂ ಬಾಲ್‌ನ ಪಕ್ಕಕ್ಕೆ ಹೊಡೆದಾಗ ಅದು ಗುರಿಯ ಗೆರೆ ಬಿಟ್ಟು ಆಚೆ ಜಾರುವುದನ್ನು ನಿರ್ಧರಿಸುವುದು ಶಾಫ್ಟ್‌ನ ಮುಂಭಾಗದ ಆರೆಂಟು ಇಂಚಿನ ತೂಕ, ಅದರಲ್ಲೂ ತುದಿಯದು. ಟಿಪ್ ಅರ್ಧ ಗ್ರಾಂ ಹೆಚ್ಚಾದರೆ ಆಗುವ ವ್ಯತ್ಯಾಸ ಅತ್ಯಲ್ಪ. ಟಿಪ್ ಜೊತೆ ಉದ್ದನೆಯ ಫಿನಾಲಿಕ್ ಫೆರೂಲನ್ನೂ ಹಾಕಿಸಿದರೆ ಮಾತ್ರ ಕೈಗೆ ಗೊತ್ತಾಗುವಷ್ಟು ಬದಲಾಗಬಹುದು. ಫಿನಾಲಿಕ್‌ನ ನಿಜವಾದ ತೊಂದರೆ ಬೇರೆ. ಅದು ಚಾಕ್ ಹಿಡಿದುಕೊಳ್ಳುವುದಿಲ್ಲ. ಚೆನ್ನಾಗಿ ಚಾಕ್ ಹಚ್ಚಿದ ಲೆದರ್‌ನಲ್ಲಿ ಬಾಲ್‌ನ ಕೇಂದ್ರದಿಂದ ಸುಮಾರು 14 ಮಿ.ಮೀ. ಆಚೆ ಹೊಡೆದರೂ ಜಾರದೆ ಹಿಡಿಯುತ್ತದೆ. ಫಿನಾಲಿಕ್‌ನಲ್ಲಿ ಆ ಮಿತಿ ಬಹಳ ಮೊದಲೇ ಬರುತ್ತದೆ. ಬ್ರೇಕ್‌ನಲ್ಲಿ ಮೇಲೆ, ಕೆಳಗೆ, ಪಕ್ಕಕ್ಕೆ ಹೊಡೆಯುವ ಅಭ್ಯಾಸವಿದ್ದರೆ ಮಿಸ್‌ಕ್ಯೂ (ಟಿಪ್ ಬಾಲ್ ಮೇಲಿಂದ ಜಾರಿ ಹೊಡೆತ ತಪ್ಪುವುದು) ಖಾತ್ರಿ.

ಪ್ರಶ್ನೆ: ಗಟ್ಟಿ ಲೆದರ್ ನಾನೇ ಹಾಕಿಕೊಳ್ಳಬಹುದಾ? ಲೇತ್ ಇಲ್ಲ.

ಉತ್ತರ: ಲೆದರ್ ಆದರೆ ಹಾಕಬಹುದು, ಆದರೆ ಅವಸರ ಬೇಡ. ಬ್ರೇಕ್ ಟಿಪ್ ಹಾರಿಹೋದರೆ ಬಹುತೇಕ ತಪ್ಪು ಅಂಟಿನದಲ್ಲ, ಅಂಟಿದ ಎರಡು ಮುಖ ಸಮ ಇರಲಿಲ್ಲ ಅಂತ ಅರ್ಥ.

ಹಳೆಯ ಟಿಪ್ಪನ್ನು ಹರಿತವಾದ ಬ್ಲೇಡಿನಿಂದ ಫೆರೂಲ್‌ಗೆ ತಗುಲದಂತೆ ಒಂದು ಮಿ.ಮೀ. ಮೇಲೆಯೇ ಕತ್ತರಿಸಿ. ಉಳಿದದ್ದನ್ನು, ಹಳೆಯ ಅಂಟನ್ನೂ, 150 ಗ್ರಿಟ್ ಸ್ಯಾಂಡ್‌ಪೇಪರಿನಲ್ಲಿ ತೆಗೆಯಬೇಕು. ಕೈಯಲ್ಲಿ ಪೇಪರ್ ಹಿಡಿದು ತಿಕ್ಕಿದರೆ ಅಂಚು ಸವೆದು ಫೆರೂಲ್ ಮುಖ ಗುಮ್ಮಟದಂತೆ ಉಬ್ಬುತ್ತದೆ, ಎಲ್ಲ ಕೆಡುವುದು ಇಲ್ಲೇ. ಪೇಪರನ್ನು ಗಾಜಿನ ತುಂಡಿಗೆ ಅಂಟಿಸಿ, ಶಾಫ್ಟನ್ನು ನೆಟ್ಟಗೆ ಹಿಡಿದು, ಆಗಾಗ ತಿರುಗಿಸುತ್ತ ಉಜ್ಜಿ. ಮರದ ತುಂಡಿನಲ್ಲಿ ಶಾಫ್ಟ್ ಅಗಲಕ್ಕೆ ನೇರ ರಂಧ್ರ ಕೊರೆದು ಅದರೊಳಗೆ ತೂರಿಸಿ ಹಿಡಿದರೆ ಓಲಾಡುವುದಿಲ್ಲ. ಸ್ಟೀಲ್ ಸ್ಕೇಲಿನ ಅಂಚನ್ನು ಫೆರೂಲ್ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಎಲ್ಲೂ ಬೆಳಕು ಇಣುಕಬಾರದು.

ಟಿಪ್‌ನ ತಳವನ್ನೂ ಅದೇ ಗಾಜಿನ ಮೇಲೆ 8ರ ಆಕಾರದಲ್ಲಿ ಉಜ್ಜಿ, ಹೊಳಪು ಹೋಗುವವರೆಗೆ ಮಾತ್ರ. ಎರಡೂ ಮುಖಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ, ಆಮೇಲೆ ಬೆರಳು ತಾಕಿಸಬೇಡಿ. ಅಂಟು ಜೆಲ್ ತರಹದ ಸೂಪರ್ ಗ್ಲೂ ಇರಲಿ. ನೀರಿನಂತೆ ತೆಳ್ಳಗಿರುವುದು ಲೆದರ್‌ಗೆ ಇಂಗಿಹೋಗಿ ನಡುವೆ ಏನೂ ಉಳಿಯುವುದಿಲ್ಲ. ಒಂದು ಸಣ್ಣ ಹನಿ, ಅಂಚಿನವರೆಗೆ ತೆಳುವಾಗಿ ಹರಡಿ, ಕೂರಿಸಿ, ಸರಿಪಡಿಸಿ, ಶಾಫ್ಟನ್ನು ತಲೆಕೆಳಗು ಮಾಡಿ ಗಟ್ಟಿ ಸಮತಲದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬೇಗ ಗಟ್ಟಿಯಾಗಲೆಂದು ಆಕ್ಸಿಲರೇಟರ್ ಸ್ಪ್ರೇ ಹೊಡೆಯಬೇಡಿ, ಅಂಟು ಪೆಡಸಾಗಿ ಬ್ರೇಕ್‌ನ ಹೊಡೆತಕ್ಕೆ ಒಡೆಯುತ್ತದೆ. ಒಂದು ರಾತ್ರಿ ಬಿಡಿ.

ಬದಿ ಕೆತ್ತುವಾಗ ಫೆರೂಲ್‌ಗೆ ಟೇಪ್ ಸುತ್ತಿ, ಟಿಪ್ಪನ್ನು ಮರದ ಹಲಗೆಗೆ ಒತ್ತಿ, ಬ್ಲೇಡನ್ನು ಫೆರೂಲ್‌ನಿಂದ ಹಲಗೆ ಕಡೆಗೆ ಎಳೆಯಿರಿ. ಆಮೇಲೆ 320, 600 ಗ್ರಿಟ್. ಕೊನೆಗೆ ಬದಿಗೆ ನೀರು ಸವರಿ ಲೆದರ್ ತುಂಡಿನಿಂದ ಬಿಸಿಯಾಗುವಷ್ಟು ತಿಕ್ಕಿದರೆ ನಾರು ಒಳಗೊಳಗೇ ಬಿಗಿದುಕೊಂಡು ಉಬ್ಬುವುದು ತಡವಾಗುತ್ತದೆ.

ಪ್ರಶ್ನೆ: ಆಕಾರ ಹೇಗಿರಬೇಕು? ಆಟದ ಕ್ಯೂಗೆ ಡೈಮ್ ಶೇಪ್ ಇದೆ.

ಉತ್ತರ: ಈ ಹೆಸರುಗಳು ಅಮೆರಿಕದ ನಾಣ್ಯಗಳವು, ಟಿಪ್‌ನ ಬಾಗು ಆ ನಾಣ್ಯದ ಅಂಚಿನಂತೆ. ಡೈಮ್ ಅಂದರೆ ಸುಮಾರು 9 ಮಿ.ಮೀ. ತ್ರಿಜ್ಯದ ಬಾಗು, ನಿಕ್ಕಲ್ ಅಂದರೆ ಸುಮಾರು 10.6 ಮಿ.ಮೀ. ಬ್ರೇಕ್‌ಗೆ ನಿಕ್ಕಲ್ ಸಾಕು. ಅದಕ್ಕಿಂತ ಚಪ್ಪಟೆ ಮಾಡಿದರೆ ಸ್ವಲ್ಪ ತಪ್ಪಿದ ಹೊಡೆತದಲ್ಲಿ ಟಿಪ್‌ನ ಅಂಚೇ ಬಾಲ್‌ಗೆ ತಗುಲುತ್ತದೆ. ಫಿನಾಲಿಕ್ ಚಕ್ಕೆ ಏಳುವುದು ಹೀಗೆ.

ಪ್ರಶ್ನೆ (ಇನ್ನೊಬ್ಬರು): ಮೆತ್ತನೆ ಟಿಪ್ಪನ್ನು ಹಾಲಲ್ಲಿ ನೆನೆಸಿ ಗಟ್ಟಿ ಮಾಡ್ತಾರಂತೆ, ತಮಾಷೆನಾ?

ಉತ್ತರ: ತಮಾಷೆ ಅಲ್ಲ, ಮಿಲ್ಕ್ ಡಡ್ ಅನ್ನುವುದು ಅದನ್ನೇ. ಎಲ್ಕ್ ಮಾಸ್ಟರ್‌ನಂಥ ಮೆತ್ತನೆಯ, ಒಂದೇ ತುಂಡಿನ ಟಿಪ್ಪನ್ನು ರಾತ್ರಿಯಿಡೀ ಹಾಲಲ್ಲಿ ನೆನೆಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ವೈಸ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಒತ್ತುತ್ತಾರೆ. ಎತ್ತರ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುವವರೆಗೆ ಒತ್ತಿ, ಒಂದು ದಿನ ಹಾಗೇ ಬಿಟ್ಟರೆ ಸಾಕು. ಹಾಲಿನ ಪ್ರೋಟೀನ್ ನಾರುಗಳ ನಡುವೆ ಅಂಟಾಗುತ್ತದೆ ಅಂತ ಒಂದು ವಾದ. ನನ್ನ ಮಟ್ಟಿಗೆ ಕೆಲಸ ಮಾಡುವುದು ಮುಖ್ಯವಾಗಿ ವೈಸ್. ಒದ್ದೆ ಇದ್ದಾಗಲೇ ಜೋರಾಗಿ ಬಿಗಿದರೆ ಟಿಪ್ ಬದಿಗೆ ಸೀಳುತ್ತದೆ, ಅಷ್ಟು ನೋಡಿಕೊಳ್ಳಿ. ಬ್ರೇಕ್‌ಗೆ ಇದು ಚೆನ್ನಾಗಿಯೇ ಬಾಳುತ್ತದೆ.

ಪ್ರಶ್ನೆ: ಟೂರ್ನಮೆಂಟ್ ಆಡದವರು ಫಿನಾಲಿಕ್ ಹಾಕಿಸಿದರೆ?

ಉತ್ತರ: ಹಾಕಿಸಲಿ, ಆದರೆ ಎರಡು ಬಗೆ ಇದೆ, ಕೇಳಿ ತಿಳಿದುಕೊಳ್ಳಲಿ. ಒಂದು, ಇರುವ ಫೆರೂಲ್ ಮೇಲೆ ಅಂಟಿಸುವ ತುಂಡು. ಇನ್ನೊಂದು, ಫೆರೂಲ್ ಮತ್ತು ಟಿಪ್ ಒಂದೇ ತುಂಡಾಗಿ ಮರದ ಟೆನನ್ (ಶಾಫ್ಟ್ ತುದಿಯಲ್ಲಿ ಸಣ್ಣಗೆ ಕೆತ್ತಿದ ಗೂಟ) ಮೇಲೆ ಕೂರುವುದು. ಎರಡನೆಯದು ಹಾರಿಹೋಗುವ ಭಯವಿಲ್ಲ. ಆದರೆ ಲೇತ್ ಕೆಲಸ, ಸವೆದರೆ ಇಡೀ ತುಂಡು ಬದಲಾಯಿಸಬೇಕು, ಲೆದರ್‌ಗೆ ವಾಪಸ್ ಬರಬೇಕೆಂದರೂ ಖರ್ಚು. ಮೊದಲನೆಯದಕ್ಕೆ ಸೂಪರ್ ಗ್ಲೂಗಿಂತ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ವಾಸಿ. ಫಿನಾಲಿಕ್ ಅಂಟು ಹೀರುವುದಿಲ್ಲ, ಹಾಗಾಗಿ ತಳಕ್ಕೆ 80 ಗ್ರಿಟ್‌ನಲ್ಲಿ ಅಡ್ಡ ಉದ್ದ ಗೀರು ಹಾಕಬೇಕು. ಒತ್ತಡ ಹಗುರವಾಗಿರಲಿ. ಜೋರಾಗಿ ಒತ್ತಿದರೆ ಎಪಾಕ್ಸಿಯೆಲ್ಲ ಹೊರಬಂದು ನಡುವೆ ಬರಿದಾಗುತ್ತದೆ. 24 ಗಂಟೆ ಮುಟ್ಟಬೇಡಿ. ಬದಿಗೆ ಬ್ಲೇಡ್ ಹಾಕಿದರೆ ಚಕ್ಕೆ ಏಳುತ್ತದೆ, ನಯ ಅರದಲ್ಲಿ ಉಜ್ಜಿ. ಮೇಲ್ಮೈ ಗಾಜಿನಂತೆ ನುಣುಪಾದಾಗೆಲ್ಲ 100 ಗ್ರಿಟ್‌ನಲ್ಲಿ ಒರಟು ಮಾಡುತ್ತಿರಬೇಕು, ಇಲ್ಲದಿದ್ದರೆ ಚಾಕ್ ಹಚ್ಚಿದರೂ ನಿಲ್ಲುವುದಿಲ್ಲ.

ಫೆರೂಲ್ ಅಗ್ಗದ ಪ್ಲಾಸ್ಟಿಕ್‌ನದಾಗಿದ್ದರೆ ಮಾತ್ರ ಅದರ ಮೇಲೆ ಫಿನಾಲಿಕ್ ಬೇಡ. ಲೆದರ್ ಕುಗ್ಗಿ ತಗೊಳ್ಳುತ್ತಿದ್ದ ಪೆಟ್ಟು ನೇರ ಫೆರೂಲ್‌ಗೆ ಬೀಳುತ್ತದೆ, ಉದ್ದುದ್ದ ಬಿರುಕು ಬಿಡುತ್ತದೆ.

ಪ್ರಶ್ನೆ (ಇನ್ನೊಬ್ಬರು): ಹೊಸ ಟಿಪ್ ಹಾಕಿಸಿದ ಮೇಲೆ ಹೊಡೆದಾಗ ಝುಂಯ್ ಅಂತ ಸದ್ದು ಬರುತ್ತೆ. ಟಿಪ್ ಸಡಿಲಾನಾ?

ಉತ್ತರ: ಶಾಫ್ಟನ್ನು ಲಂಬವಾಗಿ ಹಿಡಿದು ಟಿಪ್ ಬದಿಯನ್ನು ಉಗುರಿನಿಂದ ತಟ್ಟಿ, ಆಮೇಲೆ ಫೆರೂಲನ್ನು ತಟ್ಟಿ. ಟಿಪ್ ತಟ್ಟಿದಾಗ ಸದ್ದು ಮಂಕಾಗಿದ್ದು ಫೆರೂಲ್‌ನದು ಸ್ಪಷ್ಟವಿದ್ದರೆ ಟಿಪ್‌ನ ಅಂಟು ಬಿಟ್ಟಿದೆ. ಫೆರೂಲ್ ತಟ್ಟಿದಾಗಲೇ ಗಿರ್ ಅಂದರೆ ಒಳಗೆ ಟೆನನ್ ಸಡಿಲವಾಗಿದೆ. ಗಟ್ಟಿ ಟಿಪ್ ಹಾಕಿದ ಮೇಲೆ ಹಳೆಯ ಸಡಿಲ ಬಯಲಾಗುವುದು ಸಾಮಾನ್ಯ. ಎರಡೂ ಸರಿ ಇದ್ದರೆ ಕ್ಯೂನ ಎರಡು ಭಾಗ ಸೇರುವ ಜಾಯಿಂಟ್ ಬಿಗಿದಿದೆಯೇ, ಬಟ್ (ಕ್ಯೂನ ಹಿಂದಿನ ಭಾಗ) ಒಳಗಿನ ತೂಕದ ಬೋಲ್ಟ್ ಅಲುಗುತ್ತಿದೆಯೇ ನೋಡಿ.

ಪ್ರಶ್ನೆ: ನನ್ನದು ಕಾರ್ಬನ್ ಶಾಫ್ಟ್. ಇದೇ ವಿಧಾನ ನಡೆಯುತ್ತಾ?

ಉತ್ತರ: ಅಂಟಿಸುವುದು ಹಾಗೇ, ತೆಗೆಯುವುದು ಬೇರೆ. ಅದರಲ್ಲಿ ಫೆರೂಲ್ ತೀರಾ ತೆಳು, ಕೆಲವಕ್ಕೆ ಬಿಲ್ಲೆಯಷ್ಟೇ. ಹೆಚ್ಚು ಉಜ್ಜಿದರೆ ಅದೇ ಮುಗಿದುಹೋಗುತ್ತದೆ. ಬಿಸಿ ಮಾಡಿ ಟಿಪ್ ಕೀಳಬೇಡಿ, ಒಳಗಿನ ಅಂಟೂ ಸಡಿಲಾಗುತ್ತದೆ. ಕಾರ್ಬನ್ ಮೇಲೆ ಎರಡು ಸುತ್ತು ಟೇಪ್ ಹಾಕಿ, ಬದಿಯ ಕೊನೆಯ ಅರ್ಧ ಮಿ.ಮೀ.ಯನ್ನು 600 ಗ್ರಿಟ್‌ನಲ್ಲೇ ಇಳಿಸಿ. ಮರಕ್ಕೆ ಬಿದ್ದ ಗೀರನ್ನು ಉಜ್ಜಿ ಅಳಿಸಬಹುದು, ಕಾರ್ಬನ್‌ಗೆ ಬಿದ್ದದ್ದನ್ನು ಉಜ್ಜಿದರೆ ನಾರೇ ಮೇಲೆ ಬರುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಗಟ್ಟಿ ಲೆದರೇ ಹಾಕಿಸ್ತೀನಿ ಸರ್. ಮತ್ತೆ ಬದಲಾಯಿಸಬೇಕು ಅಂತ ಯಾವಾಗ ತಿಳಿಯೋದು?

ಉತ್ತರ: ಬದಿಯಲ್ಲಿ ಟಿಪ್ ಎತ್ತರ 2 ಮಿ.ಮೀ.ಗೆ ಇಳಿದರೆ ತೆಗೆಸಿ. ಇಲ್ಲದಿದ್ದರೆ ಫೆರೂಲ್‌ನ ಅಂಚು ಬಾಲ್‌ಗೆ ತಗುಲುವ ಅಪಾಯವಿದೆ. ಹೊಸದರಲ್ಲಿ ಕೆಲವು ಬ್ರೇಕ್ ಆದಮೇಲೆ ಅಂಚು ಕೂದಲೆಳೆಯಷ್ಟು ಉಬ್ಬುವುದು ಸಹಜ, ಒಮ್ಮೆ 600 ಗ್ರಿಟ್‌ನಲ್ಲಿ ಸಮ ಮಾಡಿ. ಆಮೇಲೂ ಮತ್ತೆ ಮತ್ತೆ ಉಬ್ಬಿದರೆ ನಿಮಗೆ ಸಿಕ್ಕಿರುವುದು ಹೇಳಿದಷ್ಟು ಗಟ್ಟಿಯ ಟಿಪ್ ಅಲ್ಲ.