24 ಡಿಗ್ರಿ ಇದ್ದಾಗ ಸೆಸ್ನಾ ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟಿತು, ಹೇಗೆ?

ಆಲ್ದೂರು ಹುಡುಗಿ:

ಎಲ್ಲರಿಗೂ ನಮಸ್ಕಾರ. ಪೈಲಟ್ ತರಬೇತಿಯಲ್ಲಿದ್ದೇನೆ, ಈಗ ರಜೆಗೆ ಊರಿಗೆ ಬಂದಿದ್ದೇನೆ. ನಾನು ಹಾರಿಸುವುದು ಹಳೇ ಸೆಸ್ನಾ 172 ಅನ್ನುವ ಸಣ್ಣ ವಿಮಾನ, ಲೈಕಮಿಂಗ್ ಓ-320 ಇಂಜಿನ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವಂಥದ್ದು. ಹೋದ ವಾರ ಆದದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಮಳೆ ಆಗತಾನೆ ನಿಂತಿತ್ತು. ಹೊರಗೆ 24 ಡಿಗ್ರಿ. ಪವರ್ ಕಡಿಮೆ ಮಾಡಿಕೊಂಡು ಇಳಿಯುತ್ತಿದ್ದೆ. ಥ್ರಾಟಲ್ ಮುಟ್ಟಿರಲಿಲ್ಲ, ಆದರೂ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಮೆಲ್ಲಗೆ ಕುಸಿಯತೊಡಗಿತು. ಪಕ್ಕದಲ್ಲಿದ್ದ ಸರ್ "ಕಾರ್ಬ್ ಹೀಟ್" ಅಂದರು, ಅಂದರೆ ಕಾರ್ಬುರೇಟರಿಗೆ ಬಿಸಿ ಗಾಳಿ ಬಿಡುವ ನಾಬ್. ಎಳೆದೆ. ಇಂಜಿನ್ ಇನ್ನೂ ಜಾಸ್ತಿ ನಡುಗಿತು! ಗಾಬರಿಯಿಂದ ನಾಬ್ ವಾಪಸ್ ಒತ್ತಿಬಿಟ್ಟೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ಪೂರ್ತಿ ಎಳೆದು ಹಾಗೇ ಹಿಡಿದರು. ಸ್ವಲ್ಪ ಹೊತ್ತು ಗಡಗಡ ಅಂದು ಆಮೇಲೆ ಸರಿಹೋಯಿತು.

24 ಡಿಗ್ರಿಯಲ್ಲಿ ಐಸ್ ಎಲ್ಲಿಂದ ಬಂತು? ಬಿಸಿ ಗಾಳಿ ಕೊಟ್ಟರೆ ಇಂಜಿನ್ ಮೊದಲು ಕೆಡುವುದು ಯಾಕೆ?

ಹಳೇ ಮೆಕ್ಯಾನಿಕ್, ಮೂಡಿಗೆರೆ:

ನೋಡಮ್ಮ, ಇಪ್ಪತ್ತು ವರ್ಷ ಇದೇ ಇಂಜಿನ್‌ಗಳ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಈಗ ತೋಟ ನೋಡಿಕೊಂಡಿದ್ದೇನೆ. ನಿನ್ನ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

ಕಾರ್ಬುರೇಟರ್ ಇಂಜಿನ್ನಿನ ತಳದಲ್ಲಿ ಇರುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಬಟ್ಟಲು. ಮನೆ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ ಒಂದು ಫ್ಲೋಟ್, ಮಟ್ಟ ಏರಿದರೆ ಸೂಜಿ ಬಂದು ಪೆಟ್ರೋಲ್ ನಿಲ್ಲಿಸುತ್ತದೆ. ಗಾಳಿಯ ದಾರಿ ನಡುವೆ ಕಿರಿದಾಗುತ್ತದೆ, ಅದೇ ವೆಂಚುರಿ. ಹೊಳೆ ಎರಡು ಬಂಡೆ ನಡುವೆ ಹೇಗೆ ಓಡುತ್ತದೋ ಹಾಗೆ ಅಲ್ಲಿ ಗಾಳಿ ಜೋರಾಗಿ ಓಡುತ್ತದೆ, ಅದರ ಒತ್ತಡ ಬೀಳುತ್ತದೆ. ಬಟ್ಟಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೇ ಇದೆಯಲ್ಲ, ಅದು ಪೆಟ್ರೋಲನ್ನು ಜೆಟ್ಟಿನ (ಸಣ್ಣ ತೂತಿನ) ಮೂಲಕ ತಳ್ಳುತ್ತದೆ. ಅದು ತುಂತುರಾಗಿ ಗಾಳಿಗೆ ಬೆರೆಯುತ್ತದೆ. ತೂಕದ ಲೆಕ್ಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲ್.

ಐಸ್ ಹುಟ್ಟುವುದು ಇಲ್ಲೇ. ಕೈಗೆ ಪೆಟ್ರೋಲ್ ತಾಗಿ ಆರುವಾಗ ಚರ್ಮ ತಣ್ಣಗಾಗುತ್ತದೆ ಅಲ್ವಾ? ಆರುವ ಪೆಟ್ರೋಲ್ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ. ಈ ಇಂಜಿನ್ ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ, ಅಷ್ಟೂ ಆ ಸಣ್ಣ ಕೊಳವೆಯಲ್ಲಿ ಆರಬೇಕು. ಒತ್ತಡ ಬಿದ್ದು ಗಾಳಿಯೂ ಸ್ವಲ್ಪ ತಣ್ಣಗಾಗಿರುತ್ತದೆ. ಎರಡೂ ಸೇರಿ 30 ಡಿಗ್ರಿಗಿಂತ ಜಾಸ್ತಿ ಇಳಿಯಬಹುದು. ನಿನ್ನ 24 ಆಗಲೇ ಸೊನ್ನೆಗಿಂತ ಕೆಳಗೆ ಹೋಯಿತು. ಮಳೆ ನಿಂತ ಗಾಳಿಯಲ್ಲಿ ನೀರಿನ ಪಸೆಗೆ ಬರವಿಲ್ಲ. ಹೊರಗೆ 38 ಡಿಗ್ರಿ ಇದ್ದಾಗಲೂ ಐಸ್ ಕಟ್ಟಬಹುದು.

ಇಳಿಯುವಾಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಉಳಿಯುವುದು ಸಣ್ಣ ಸಂದು. ಅಲ್ಲಿ ತೆಳುವಾಗಿ ಕಟ್ಟಿದರೂ ದಾರಿ ಮುಚ್ಚಿತು. ಗಾಳಿ ಕಡಿಮೆಯಾಯಿತು, ಆರ್‌ಪಿಎಂ ಬಿತ್ತು.

ಇನ್ನು ಕಾರ್ಬ್ ಹೀಟ್. ಸೈಲೆನ್ಸರ್ ಸುತ್ತ ತಗಡಿನ ಕವಚ ಹೊದಿಸಿರುತ್ತಾರೆ, ಅದರೊಳಗೆ ಕಾದ ಗಾಳಿ ಬರುತ್ತದೆ. ಬಿಸಿ ಗಾಳಿ ತೆಳು, ಅದಕ್ಕೇ ಮಿಶ್ರಣ ರಿಚ್ ಆಗಿ, ಅಂದರೆ ಪೆಟ್ರೋಲ್ ಪಾಲು ಜಾಸ್ತಿಯಾಗಿ, ಆರ್‌ಪಿಎಂ ಒಮ್ಮೆ ಬೀಳುತ್ತದೆ. ಜೊತೆಗೆ ಕರಗಿದ ನೀರನ್ನು ಇಂಜಿನ್ ನುಂಗಬೇಕು. ನಡುಗದೆ ಏನು ಮಾಡೀತು? ಆ ನಡುಕ ಐಸ್ ಕರಗುತ್ತಿರುವ ಗುರುತು. ಆಗಲೇ ವಾಪಸ್ ಒತ್ತಿದರೆ ಉಳಿದ ಐಸ್ ಅಲ್ಲೇ ಉಳಿಯುತ್ತದೆ. ಅರ್ಧ ಎಳೆಯುವುದೂ ಬೇಡ, ಎಳೆದರೆ ಪೂರ್ತಿ.

ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. ಪವರ್ ಇಳಿಸುವ ಮೊದಲೇ ಎಳಿ. ಪವರ್ ಇಳಿಸಿದ ಮೇಲೆ ಸೈಲೆನ್ಸರ್ ಆರುತ್ತಾ ಹೋಗುತ್ತದೆ, ಕೊಡಲು ಅದರ ಹತ್ತಿರ ಬಿಸಿಯೇ ಇರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ತಪ್ಪಿದ್ದೇನೆ. ಮಳೆಗಾಲದ ಬೆಳಗ್ಗೆ ಒಂದು ಇಂಜಿನ್ ಹೀಗೇ ನಡುಗಿತು. ಆಫ್ ಮಾಡಿ ಪ್ಲಗ್ ಎಲ್ಲಾ ಬಿಚ್ಚಿದೆ, ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ನೋಡಿದೆ, ಎರಡು ಗಂಟೆ ಹೋಯಿತು. ಏನೂ ಸಿಗಲಿಲ್ಲ. ಕೊನೆಗೆ ಕಾರ್ಬುರೇಟರ್ ಕೆಳಗಿನ ಏರ್ ಬಾಕ್ಸಿನಲ್ಲಿ ನಾಲ್ಕು ಹನಿ ನೀರು. ನಾನು ಹುಡುಕುವಷ್ಟರಲ್ಲಿ ಕಳ್ಳ ಕರಗಿ ಹೋಗಿದ್ದ.

ಹಾಸನ ಗ್ಯಾರೇಜ್:

ಅಣ್ಣಾ, ಚೆನ್ನಾಗಿ ಹೇಳಿದಿರಿ. ನಮ್ಮದು ಬೈಕ್ ಕೆಲಸ. ಇಲ್ಲಿ ಟ್ಯೂನ್ ಮಾಡಿದ ಹಳೇ ಗಾಡಿ ಸೀತಾಳಯ್ಯನಗಿರಿ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ಮಂಕಾಗುತ್ತದೆ. ಪ್ಲಗ್ ಬಿಚ್ಚಿದರೆ ಕಪ್ಪು ಮಸಿ. ಅದು 1930 ಮೀಟರ್ ಅಷ್ಟೇ. ವಿಮಾನ ಅದಕ್ಕಿಂತ ಮೇಲೆ ಹೋಗುತ್ತದಲ್ಲ, ಜೆಟ್ ಬದಲಿಸುವುದು ಹೇಗೆ?

ಹಳೇ ಮೆಕ್ಯಾನಿಕ್, ಮೂಡಿಗೆರೆ:

ಬದಲಿಸುವುದಿಲ್ಲ ತಮ್ಮಾ. ಪೈಲಟ್ ಮುಂದೆ ಕೆಂಪು ನಾಬ್ ಇರುತ್ತದೆ, ಮಿಕ್ಸ್ಚರ್. ಮೇಲೆ ಗಾಳಿ ತೆಳುವಾದಂತೆ ಅದನ್ನು ಹಿಂದಕ್ಕೆ ಎಳೆದು ಪೆಟ್ರೋಲ್ ಕಡಿಮೆ ಮಾಡುತ್ತಾರೆ. ಇಳಿಯುವಾಗ ಮತ್ತೆ ಮುಂದಕ್ಕೆ. ಇಂಜಿನ್ ನಿಲ್ಲಿಸುವುದೂ ಅದರಲ್ಲೇ, ಕೀಲಿಯಲ್ಲಲ್ಲ. ಪೂರ್ತಿ ಎಳೆದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉಳಿಯುವುದಿಲ್ಲ. ಉಳಿದಿದ್ದು, ಕೀಲಿ ಆಫ್ ಮಾಡಿದರೂ ಕಿಡಿ ನಿಲ್ಲದ ಹಾಗೆ ಮ್ಯಾಗ್ನೆಟೋ ವೈರ್ ಬೇರೆ ಕೆಟ್ಟಿದ್ದರೆ, ಯಾರೋ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದಾಗ ಇಂಜಿನ್ ಹೊತ್ತಿಕೊಳ್ಳಬಹುದು.

ಆಲ್ದೂರು ಹುಡುಗಿ:

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಬೆಳಗ್ಗೆ ಮಂಜಿನಲ್ಲಿ ಅಪ್ಪನ ಆರ್‌ಎಕ್ಸ್ 100 ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದೆ. ನಿಲ್ಲಿಸಿದ ತಕ್ಷಣ ಬಗ್ಗಿ ಕಾರ್ಬುರೇಟರ್ ಮುಟ್ಟಿದೆ. ಅದರ ಮೈತುಂಬ ಬೆವರು, ಬಟ್ಟಲಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಗೇಣು ದೂರದಲ್ಲಿ ಸಿಲಿಂಡರ್ ಕೈ ಸುಡುವಷ್ಟು ಬಿಸಿ. ವಾಪಸ್ ಹೋದ ಮೇಲೆ ಕೌಲಿಂಗ್ (ಇಂಜಿನ್ನಿನ ಹೊರಮುಚ್ಚಳ) ಬಿಚ್ಚುವ ದಿನ ಆ ತಗಡಿನ ಕವಚ ತೋರಿಸಿ ಅಂತ ಕೇಳುತ್ತೇನೆ.