ಸಬ್‌ಸಾಯ್ಲರ್ ಶಿಯರ್ ಬೋಲ್ಟ್ ಪದೇ ಪದೇ ಕಟ್ ಆಗ್ತಿದೆ, ಮುಂದಿನ ಚಕ್ರನೂ ಏಳ್ತಿದೆ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಂದು 45 ಎಚ್‌ಪಿ ಟ್ರ್ಯಾಕ್ಟರ್, ಒಂದೇ ಕಾಲಿನ ಸಬ್‌ಸಾಯ್ಲರ್ (ಉಳುಮೆ ಆಳದ ಕೆಳಗಿರೋ ಗಟ್ಟಿ ಮಣ್ಣಿನ ಪದರ ಒಡೆಯೋ ಸಲಕರಣೆ). ನಿನ್ನೆ ಬೆಳಿಗ್ಗೆ ಶುರು ಮಾಡಿದ್ದು, ಮಧ್ಯಾಹ್ನದ ಒಳಗೆ ನಾಲ್ಕು ಶಿಯರ್ ಬೋಲ್ಟ್ ಹೋಯ್ತು. ಕಲ್ಲು ಜಾಸ್ತಿ ಇರೋ ಹೊಲ ಏನಲ್ಲ. ಕಾಲನ್ನ ಪೂರ್ತಿ ಎರಡಡಿ ಇಳಿಸ್ತಿದೀನಿ, ಇಳಿಸಿದ ತಕ್ಷಣ ಇಂಜಿನ್ ಉಸಿರು ಕಟ್ಟಿದಂಗೆ ಆಗುತ್ತೆ, ಮುಂದಿನ ಚಕ್ರ ಒಂದು ಗೇಣು ಮೇಲೇಳುತ್ತೆ, ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೇರಕ್ಕೇ ಹೋಗುತ್ತೆ. ಪರಿಚಯದವರೊಬ್ರು ಹೈ ಟೆನ್ಸೈಲ್ (ತುಂಬಾ ಗಟ್ಟಿ ಉಕ್ಕಿನ) ಬೋಲ್ಟ್ ಹಾಕ್ಬಿಡು ಮುರಿಯೋ ಮಾತೇ ಇಲ್ಲ ಅಂದ್ರು. ಹಾಕ್ಲಾ?

ಉತ್ತರ:
ದಯವಿಟ್ಟು ಹಾಕ್ಬೇಡಿ ಅಣ್ಣ. ಆ ಬೋಲ್ಟ್ ಇರೋದೇ ಮುರಿಯೋಕೆ. ಅದು ಮುರೀಲಿಲ್ಲ ಅಂದ್ರೆ ಆ ಏಟು ಕಾಲಿಗೆ ಬೀಳುತ್ತೆ, ಇಲ್ಲ ಲೋವರ್ ಲಿಂಕ್‌ಗೆ (ಸಲಕರಣೆನ ಕೆಳಗಿಂದ ಹಿಡಿಯೋ ತೋಳು), ಇಲ್ಲ ಟ್ರ್ಯಾಕ್ಟರ್‌ನ ಹಿಂದಿನ ಹೌಸಿಂಗ್‌ಗೆ. ಕಂಪನಿ ಪುಸ್ತಕದಲ್ಲಿ ಯಾವ ದಪ್ಪ ಯಾವ ಗ್ರೇಡ್ ಹೇಳಿದಾರೋ ಅದೇ ಹಾಕಿ, ಅದಕ್ಕಿಂತ ಗಟ್ಟಿನೂ ಬೇಡ ಮೆತ್ತಗಿನದೂ ಬೇಡ.

ಚಕ್ರ ಏಳೋದು ಬೋಲ್ಟ್‌ಗಿಂತ ದೊಡ್ಡ ವಿಷ್ಯ. ಎದ್ದ ಕ್ಷಣ ಕ್ಲಚ್ ಒತ್ತಿ ನಿಲ್ಸಿ, ಆಕ್ಸಿಲರೇಟರ್ ಕೊಟ್ಟು ಎಳೆಯೋಕೆ ಹೋಗ್ಬೇಡಿ. ಮುಂದೆ ವೇಟ್ ಇಲ್ದೆ ಇದ್ರೆ ಹಾಕ್ಸಿ. ಮತ್ತೆ ಕಾಲು ಸಿಕ್ಕಾಕೊಂಡ್ರೆ ಟಾಪ್ ಲಿಂಕ್ (ಸಲಕರಣೆನ ಮೇಲಿಂದ ಹಿಡಿಯೋ ತೋಳು) ಜಾಗಕ್ಕೆ ಚೈನ್ ಕಟ್ಟಿ ಎಳೆಯೋ ಕೆಲ್ಸ ಯಾವತ್ತೂ ಮಾಡ್ಬೇಡಿ, ಅಷ್ಟು ಎತ್ತರದಿಂದ ಎಳೆದ್ರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ, ಇಳಿದು ಓಡೋಷ್ಟು ಟೈಮೂ ಸಿಗಲ್ಲ.

ಈಗ ಇದು ಹೇಳಿ. ಎರಡಡಿ ಯಾಕೆ? ಗಟ್ಟಿ ಪದರ ಎಲ್ಲಿದೆ ಅಂತ ನೋಡಿದ್ರಾ? ತಿರುವಿನಲ್ಲಿ ಕಾಲು ಎತ್ತುತೀರಾ?

ಕೇಳಿದವರು:
ಪದರ ನೋಡಿಲ್ಲ, ಆಳ ಹೋದಷ್ಟು ಒಳ್ಳೇದು ಅಂದ್ಕೊಂಡಿದ್ದೆ. ತಿರುವಿನಲ್ಲಿ ಸ್ವಲ್ಪ ಎತ್ತುತೀನಿ, ಪೂರ್ತಿ ಅಲ್ಲ. ಬೋಲ್ಟ್ ಹೋಗಿದ್ದೂ ನಾಲ್ಕರಲ್ಲಿ ಮೂರು ಬದುವಿನ ಹತ್ರಾನೇ.

ಉತ್ತರ:
ಹಂಗಾದ್ರೆ ಕಳ್ಳ ಸಿಕ್ಕಿದ. ಕಾಲು ನೇರಕ್ಕೆ ಎಳೆಯೋಕೆ ಮಾಡಿರೋದು, ಮಣ್ಣೊಳಗಿದ್ದಾಗ ತಿರುಗಿಸಿದ್ರೆ ಅಡ್ಡ ಹೊಡೆತ ಬೀಳುತ್ತೆ, ಬೋಲ್ಟ್ ಹೋಗುತ್ತೆ ಇಲ್ಲ ಕಾಲು ಸೊಟ್ಟ ಆಗುತ್ತೆ. ಸಾಲಿನ ಕೊನೇಲಿ ಗಾಡಿ ನಿಧಾನಕ್ಕೆ ಮುಂದೆ ಹೋಗ್ತಾ ಇರ್ಬೇಕಾದ್ರೇನೇ ಪೂರ್ತಿ ಎತ್ತಿ ಆಮೇಲೆ ತಿರುಗಿ. ರಿವರ್ಸ್ ಅಂತೂ ಕಾಲು ನೆಲದಲ್ಲಿದ್ದಾಗ ಬೇಡವೇ ಬೇಡ.

ಆಳದ ವಿಷ್ಯಕ್ಕೆ ಬಂದ್ರೆ, ಹೊಲದಲ್ಲಿ ಎರಡು ಮೂರು ಕಡೆ ಗುಂಡಿ ತೆಗೀರಿ, ಚಾಕು ತಗೊಂಡು ಗೋಡೆನ ಮೇಲಿಂದ ಕೆಳಗೆ ಚುಚ್ಚುತ್ತಾ ಬನ್ನಿ. ಒಂದು ಕಡೆ ಚಾಕು ತಡೆಯುತ್ತೆ, ಅದರ ಕೆಳಗೆ ಮತ್ತೆ ಸಲೀಸಾಗಿ ಹೋಗುತ್ತೆ. ಹಿಂದಿನ ಬೆಳೆ ಬೇರು ಉಳಿದಿದ್ರೆ ಅಲ್ಲೇ ಗೊತ್ತಾಗುತ್ತೆ, ನೆಟ್ಟಗೆ ಇಳಿದಿರೋ ಬೇರು ಆ ಪದರ ಮುಟ್ಟಿ ಅಡ್ಡಕ್ಕೆ ತಿರುಗಿರುತ್ತೆ. ಪದರ ಮುಗಿಯೋ ಜಾಗದಿಂದ ಒಂದೆರಡು ಇಂಚು ಕೆಳಗೆ ಕುಳ ಓಡಿದ್ರೆ ಸಾಕು. ಪದರ 35 ಸೆಂ.ಮೀ.ಗೆ ಮುಗಿದ್ರೆ 40 ಸಾಕು, 60 ಯಾಕೆ? ಕುಳದ ಅಗಲದ ಸುಮಾರು ಆರು ಪಟ್ಟಿಗಿಂತ ಆಳ ಹೋದ್ರೆ ಮಣ್ಣು ಮೇಲಕ್ಕೆ ಎದ್ದು ಒಡೆಯಲ್ಲ, ಪಕ್ಕಕ್ಕೆ ಒತ್ತಿಕೊಳ್ಳುತ್ತೆ, ಡೀಸೆಲ್ ಸುಟ್ಟು ಹೊಸ ಗಟ್ಟಿ ಪದರ ಮಾಡಿದಂಗೆ.

ಆಳದಲ್ಲಿ ಹದನೂ ನೋಡಿ. ಮೇಲೆ ಒಣಗಿದ್ರೂ ಕೆಳಗೆ ಹಸಿ ಇರುತ್ತೆ. ಪದರದ ಮಣ್ಣನ್ನ ಅಂಗೈಲಿ ಹೊಸೆದು ಬತ್ತಿ ಮಾಡಿ, ತೆಳ್ಳಗೆ ಬಂದು ಮುರಿಯದೆ ನಿಂತ್ರೆ ಇನ್ನೂ ಹಸಿ, ಕಾಯಿರಿ. ಪುಡಿ ಆದ್ರೆ ಇಳಿಸಿ.

ಇನ್ನೊಬ್ಬರು:
ಟಾಪ್ ಲಿಂಕ್ ಉದ್ದದ ಬಗ್ಗೆ ಯಾರೂ ಹೇಳ್ಲಿಲ್ಲ. ಅದು ತೀರಾ ಗಿಡ್ಡ ಆಗಿದ್ರೆ ಕುಳದ ಮೂತಿ ಕೆಳಗೆ ಬಗ್ಗಿ ನೆಲಕ್ಕೆ ನುಗ್ಗುತ್ತೆ, ನೀವು ಹೇಳಿದ ಲಕ್ಷಣ ಎಲ್ಲಾ ಅದಕ್ಕೂ ಹೊಂದುತ್ತೆ. ಕೆಲ್ಸದ ಆಳದಲ್ಲಿ ನಿಲ್ಸಿ ಪಕ್ಕದಿಂದ ನೋಡಿ, ಫ್ರೇಮ್ ಹಿಂದೆ ಮುಂದೆ ಮಟ್ಟವಾಗಿರ್ಬೇಕು. ಹಿಂಭಾಗ ಎದ್ದಿದ್ರೆ ಟಾಪ್ ಲಿಂಕ್ ಒಂದೆರಡು ಸುತ್ತು ಉದ್ದ ಮಾಡಿ. ಹಿಂದಿನಿಂದ ನೋಡಿದ್ರೆ ಕಾಲು ನೆಟ್ಟಗಿರ್ಬೇಕು, ವಾಲಿದ್ರೆ ಲೆವೆಲಿಂಗ್ ರಾಡ್‌ನಲ್ಲಿ (ಲೋವರ್ ಲಿಂಕ್ ಎತ್ತರ ಹೊಂದಿಸೋ ರಾಡ್) ಸರಿ ಮಾಡ್ಬೋದು. ಗಂಟೆಗೆ 3ರಿಂದ 5 ಕಿ.ಮೀ. ಸಾಕು.

ನಾನು ಬೋಲ್ಟ್ ಬದಲಾಯಿಸುವಾಗ ಒಂದ್ಸಲ ತೂತು ನೇರ ಬಂತಾ ಅಂತ ಬೆರಳು ಹಾಕಿ ನೋಡ್ತಿದ್ದೆ, ಕಾಲು ಒಂದು ಚೂರು ಜಾರಿತು, ಉಗುರು ಹೋಯ್ತು, ಬೆರಳು ಉಳೀತು. ತೂತು ಕೂಡಿಸೋಕೆ ಸರಳು ಹಾಕಿ ನೋಡಿ, ಬೆರಳು ಬೇಡ. ಇಂಜಿನ್ ಆಫ್, ಬ್ರೇಕ್ ಹಾಕಿ, ಕೀ ಜೇಬಲ್ಲಿ. ಎತ್ತಿಟ್ಟು ಕೆಲ್ಸ ಮಾಡ್ಬೇಕಾದ್ರೆ ಫ್ರೇಮ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಹೈಡ್ರಾಲಿಕ್ ನಂಬ್ಕೊಂಡು ಕೆಳಗೆ ಕೂರ್ಬೇಡಿ. ಹಂಗೇ ತೂತು ಮೊಟ್ಟೆ ಆಕಾರ ಆಗಿದೆಯಾ ನೋಡಿ, ಆಗಿದ್ರೆ ಬೋಲ್ಟ್ ಒಳಗೆ ಕುಟ್ಟಿಕೊಂಡು ಕುಟ್ಟಿಕೊಂಡು ಬೇಗ ಹೋಗುತ್ತೆ. ನೆಲದಡಿ ಕರೆಂಟ್ ಕೇಬಲ್, ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ಮೊದ್ಲೇ ಗುರುತು ಹಾಕಿರಿ.

ಕೇಳಿದವರು:
ಇವತ್ತು ಗುಂಡಿ ತೆಗೆದೆ. ಪದರ 22ರಿಂದ 33 ಸೆಂ.ಮೀ. ಒಳಗೇ ಇದೆ, ಬೇರು ನೀವು ಹೇಳಿದಂಗೇ ಅಡ್ಡಕ್ಕೆ ಮಲಗಿದೆ, ನೋಡಿ ಬೇಜಾರಾಯ್ತು. ಆಳ 38ಕ್ಕೆ ಇಟ್ಟೆ, ಟಾಪ್ ಲಿಂಕ್ ಮೂರು ಸುತ್ತು ಬಿಟ್ಟೆ, ಕಂಪನಿ ಹೇಳಿದ ಬೋಲ್ಟೇ ಹಾಕ್ದೆ. ತಿರುವಿನಲ್ಲಿ ಪೂರ್ತಿ ಎತ್ತಿದೆ. ಅರ್ಧ ದಿನ ಓಡ್ಸಿದೆ, ಒಂದೂ ಮುರೀಲಿಲ್ಲ, ಚಕ್ರ ನೆಲದಲ್ಲೇ ಇದೆ. ತೂತು ಮಾತ್ರ ಸ್ವಲ್ಪ ಸವೆದಿದೆ. ಸಾಲಿಂದ ಸಾಲಿಗೆ ಎಷ್ಟು ಬಿಡ್ಲಿ?

ಉತ್ತರ:
ಆಳದ ಒಂದರಿಂದ ಒಂದೂವರೆ ಪಟ್ಟು, ನಿಮಗೆ 40ರಿಂದ 55 ಸೆಂ.ಮೀ. ಎರಡು ಸಾಲು ಹೊಡೆದ್ಮೇಲೆ ನಡುವೆ ಅಡ್ಡಕ್ಕೆ ಅಗೆದು ನೋಡಿ, ಮಧ್ಯ ಗಟ್ಟಿ ದಿಂಡು ಉಳಿದಿದ್ರೆ ಇನ್ನೂ ಹತ್ರ ತನ್ನಿ. ಸವೆದ ತೂತಿಗೆ ವೆಲ್ಡಿಂಗ್‌ನೋರ ಹತ್ರ ಬುಷ್ (ತೂತಿನೊಳಗೆ ಕೂರೋ ಲೋಹದ ಕೊಳವೆ) ಹಾಕ್ಸಿ, ಮುಂದಿನ ಹೊಲಕ್ಕೆ ಹೋಗೋ ಮುಂಚೆನೇ.